ತಳವಿಲ್ಲದ ಕೊಂಬು

ಕೊಂಬಿಗೆ ತಳವಿಲ್ಲ.
ಹೋರಿಯ ಕೊಂಬು, ಬಾಯಿಗೆ ಬೆಳ್ಳಿಯ ಕಟ್ಟು,
ಕೈಗೆ ಬಂತೆಂದರೆ ಮೇಜಿನ ಮೇಲೆ ನಿಲ್ಲದು,
ಬರಿದು ಮಾಡಿಯೇ ಮಲಗಿಸಬೇಕು.
ಅಲಾಜಾನಿ ಬಯಲಿನ ನಮ್ಮೂರಲ್ಲಿ
ಗಂಡಸಾಗುವುದೆಂದರೆ ಇಷ್ಟೇ.

ಅದಕ್ಕೂ ಮೊದಲು ನಾವು ವಾಡೆಯೊಳಗಿನ ಹುಡುಗರು.
ನೆಲದಲ್ಲಿ ಕುತ್ತಿಗೆಮಟ್ಟ ಹೂತ ಮಣ್ಣಿನ ವೈನು ವಾಡೆ,
ದೊಡ್ಡವರು ಇಳಿಯಲಾರದ ಬಾಯಿ.
ಪ್ರತಿ ಸೆಪ್ಟೆಂಬರಿನಲ್ಲಿ ಮಿಂದಿಯಾನನ್ನೂ ನನ್ನನ್ನೂ
ತೋಳು ಹಿಡಿದು ಇಳಿಬಿಡುತ್ತಿದ್ದರು,
ಚೆರಿ ತೊಗಟೆಯ ಕಟ್ಟಿನಿಂದ ಗೋಡೆ ಉಜ್ಜಲು.
ಒಳಗೆ ತಂಪು. ಕೂಗಿದರೆ ನಮ್ಮದೇ ದನಿ
ಗಡ್ಡ ಬೆಳೆಸಿಕೊಂಡು ವಾಪಸು ಬರುತ್ತಿತ್ತು.
ನಾನು ಬೈಗುಳ ಕೂಗುತ್ತಿದ್ದೆ.
ಅವನು ಅಪ್ಪನ ಹೆಸರು.
ಮೇಲೆ ಬಂದಾಗ ಕೂದಲೆಲ್ಲ ಹುಳಿವಾಸನೆ,
ಅಮ್ಮ ಮೂರು ಸಲ ತಿಕ್ಕಿದರೂ ಹೋಗದು.

ಹದಿನಾಲ್ಕಕ್ಕೆ ನನಗೆ ಕೊಂಬು ಬಂತು. ಕುಡಿದೆ.
ಚಿಕ್ಕಪ್ಪಂದಿರ ಚಪ್ಪಾಳೆ. ಆಮೇಲೆ ಹಿತ್ತಲಲ್ಲಿ ವಾಂತಿ.
ದಾಳಿಂಬೆ ಗಿಡಕ್ಕೆ ಒಳ್ಳೆಯದು ಅಂದರು, ನಕ್ಕರು.
ನಾನೂ ನಕ್ಕೆ.
ಮಿಂದಿಯಾನಿಗೆ ಒಂದು ವರ್ಷ ಹಲ್ಲುನೋವು,
ಮರುವರ್ಷ ಬೆಳಿಗ್ಗೆಯೇ ಕುಸ್ತಿ ಪಂದ್ಯ,
ಮತ್ತೊಮ್ಮೆ ಯಾರದೋ ಕುದುರೆ ತಪ್ಪಿಸಿಕೊಂಡಿತ್ತು.
ಹದಿನಾರು ತುಂಬಿತು. ನೆವಗಳು ಮುಗಿದವು.

ಆ ಅಕ್ಟೋಬರಿನಲ್ಲಿ ಅವನ ತಾತ ನೋದಾರ್‌ನ ವರ್ಷದ ಊಟ.
ಆಕ್ರೋಟ ಮರದ ಕೆಳಗೆ ಉದ್ದನೆಯ ಮೇಜು,
ಬಿಸಿ ರೊಟ್ಟಿ, ಬೇಯಿಸಿದ ಕುರಿಮಾಂಸ,
ಮಸಿಯಷ್ಟು ಕಪ್ಪಗೆ ಸಪೆರಾವಿ.
ಮೇಜಿನ ಯಜಮಾನ, ತಮಾದಾ, ಮುದುಕ ವಖುಶ್ತಿ
ದೇವರಿಗೆ, ನೆಲಕ್ಕೆ, ಹೋದವರಿಗೆ ಎಂದು
ಒಂದೊಂದಾಗಿ ಎತ್ತಿಸುತ್ತ ಬಂದ.
"ನೋದಾರ್‌ಗೆ ಮೊಮ್ಮಗ ಮಾತಾಡಲಿ," ಅಂದ.
ಕೊಂಬು ಕೈಯಿಂದ ಕೈಗೆ ನಡೆದು
ಮಿಂದಿಯಾನ ಅಪ್ಪನನ್ನು ದಾಟುವಾಗ
ತುಸು ತುಳುಕಿತು.

ಎದ್ದು ನಿಂತ. ಮಾತಾಡಿದ.
ಶಾಲೆಯಲ್ಲಿ ನಾವು ಮೂಗ ಅನ್ನುತ್ತಿದ್ದವನು.
ತಾತನ ಕತ್ತರಿ, ಬಳ್ಳಿ ಸವರುವಾಗ
ನೀರು ಜಿನುಗುವ ಗಾಯಕ್ಕೆ ತಾತ ಕ್ಷಮೆ ಕೇಳುತ್ತಿದ್ದದ್ದು,
ಯಾರಿಗೂ ನೆನಪಿರದ ಹೇಸರಗತ್ತೆಯ ಹೆಸರು ಸಹಿತ.
ಹೆಂಗಸರು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.
ಮುಗಿಸಿದವನು ಕೊಂಬನ್ನು ತುಟಿಗೆ ಒಯ್ಯಲಿಲ್ಲ,
ಮುಂದಿದ್ದ ರೊಟ್ಟಿಯ ಮೇಲೆ ಓರೆ ಮಾಡಿದ.

ಹೋದವರಿಗೆಂದು ನಾಲ್ಕು ಹನಿ ಎಲ್ಲರೂ ಹಾಕುತ್ತಾರೆ.
ಅವನು ಸುರಿಯುತ್ತಲೇ ಇದ್ದ.
ರೊಟ್ಟಿ ಕುಡಿಯಿತು, ತಟ್ಟೆ ಕುಡಿಯಿತು,
ಅಜ್ಜಿ ಕಸೂತಿ ಹಾಕಿದ ಬಿಳಿ ಹಾಸು ಕುಡಿಯಿತು.
ಕೊಂಬನ್ನು ಬೋರಲು ಹಿಡಿದು ತೋರಿಸಿದ,
ಬರಿದು. ನಿಯಮದಂತೆ ಮಲಗಿಸಿದ.

ಯಾರೋ "ಹುಡುಗಿ" ಅಂದರು, ಕೆಳದನಿಯಲ್ಲಿ.
ವಖುಶ್ತಿ ಮೀಸೆ ಒರೆಸಿಕೊಂಡ,
ಬಹಳ ಹೊತ್ತು ಒರೆಸಿಕೊಂಡ.
"ನೋದಾರ್ ಇವತ್ತು ಹೊಟ್ಟೆತುಂಬ ಕುಡಿದ," ಅಂದ,
"ಮುಂದಿನದು ತುಂಬಿ."
ಮಿಂದಿಯಾನ ಅಪ್ಪ ಮಾತ್ರ
ಹರಡುವ ಕಲೆಯನ್ನೇ ನೋಡುತ್ತ ಕೂತಿದ್ದ,
ಅದು ತನ್ನ ತಟ್ಟೆಯವರೆಗೂ ಬರುತ್ತದೋ ಎಂದು ಕಾಯುವವನಂತೆ.

ಮುಂದಿನ ಕೊಂಬು ನನ್ನದು. ಅದರ ಮುಂದಿನದೂ.

ರಾತ್ರಿ ಯಾವಾಗಲೋ ನಕ್ಷತ್ರಗಳು
ಕಲ್ಲುದಾರಿಯ ಬಂಡಿಯಂತೆ ಕುಲುಕುತ್ತಿದ್ದವು.
ಹೆಗಲು ಕೊಟ್ಟು ಮನೆಗೆ ತಂದವನು ಅವನೇ.
"ಹೆದರಿಕೆಯೇನೋ ನಿನಗೆ?" ಎಂದೆ.
"ಹೂಂ," ಅಂದ. ಅಷ್ಟೇ.
ಮಂಚದಲ್ಲಿ ನನ್ನನ್ನು ಅಂಗಾತ ಬಿಡದೆ
ಮಗ್ಗುಲಿಗೆ ಹೊರಳಿಸಿದ, ಬೆನ್ನಿಗೆ ದಿಂಬು ಒತ್ತಿದ,
ಬಕೆಟ್ಟು ಕೈಗೆಟಕುವಲ್ಲಿ ಇಟ್ಟ.
ಆಮೇಲೆ ಬೂಟು.
ಕೆಸರು ಕುಡಿದು ಬಿಗಿದ ಲೇಸಿನ ಗಂಟು.
ದೀಪ ಹಾಕಲಿಲ್ಲ. ಕತ್ತಲಲ್ಲೇ ಎರಡು ಬೆರಳು,
ಒಂದು ಎಳೆತ, ಬಿಚ್ಚಿ ಬಂತು.

ಹದಿನಾರರ ಹುಡುಗನಿಗೆ
ಇನ್ನೊಬ್ಬರ ಕಾಲಿನ ಗಂಟು
ಇಷ್ಟು ಚೆನ್ನಾಗಿ ಹೇಗೆ ಗೊತ್ತು?

ಕೇಳಬೇಕೆಂದುಕೊಂಡೆ. ನಾಲಿಗೆ ಹೊರಳಲಿಲ್ಲ.
ಅವನು ಬೂಟುಗಳನ್ನು ಜೋಡಿಸಿಟ್ಟ,
ಮೂತಿ ಬಾಗಿಲ ಕಡೆಗೆ, ಬೆಳಿಗ್ಗೆ ತಡಕಾಡದ ಹಾಗೆ,
ಎದ್ದು, ಪ್ಯಾಂಟಿಗೆ ಕೈ ಒರೆಸಿಕೊಂಡು
ತನ್ನ ಮನೆಗೆ ಹೋದ,
ಇನ್ನೊಂದು ಜೊತೆ ಬಿಚ್ಚುವುದಿತ್ತು.