ದಾರದ ಆ ತುದಿ

ಶಹಾಬಾದದ ಫರಸಿಗೆ ಗೆರಿ ಹೊಡಿಯೂದು ಸಲೀಸು.
ಕಾವಿಯೊಳಗ ಅದ್ದಿದ ದಾರ,
ಈ ತುದಿ ಒಬ್ಬ ಆ ತುದಿ ಒಬ್ಬ
ಬಿಗಿ ಹಿಡದು ನಡುವ ಚಿಮ್ಮಿದ್ರ
ಟಪ್ ಅಂತ ಕೆಂಪು ಮೂಡತದ.
ಅದರ ಮ್ಯಾಲ ಲಾಳೇಸಾಬ ಉಳಿ ಇಡತಾನ.
ಕೂದಲೆಳಿಯಷ್ಟು ಆಚಿ ಹೋಗಿದ್ದು ನಾ ಕಂಡಿಲ್ಲ.

ನನಗ ಬರತಿದ್ದದ್ದು ಮಷ್ಕಿರಿ ಒಂದೇ.
ನಾ ಇಲ್ಲದ ದಿನ ಚಹಾ ಸಪ್ಪಗಾಗತದ
ಅಂತಿದ್ರು ಮಂದಿ.

ಭೀಮಶಾನ ಎಡಗಿವಿ ಮಷೀನಿನ ಸಪ್ಪಳಕ್ಕ ಹೋಗಿತ್ತು.
"ಮಾಲಕರು ಕೈಗಡ ಇಸಗೊಂಡಾರ,
ರಸೀದಿ ಕೊಟ್ಟಿಲ್ಲ" ಅಂತ ತಾನೇ ಅಂತಿದ್ದ.
"ಭಜಿ ತಿಂತಿ ಏನೋ?" ಅಂದ್ರ
"ಅಜ್ಜಿ ಸತ್ತು ಹತ್ತು ವರ್ಷಾತು" ಅಂತಿದ್ದ,
ಕೇಳಿದ್ರೂ ಕೇಳದವರಂಗ, ಮುದ್ದಾಂ.
ಎಲ್ಲಾರಕಿಂತ ಮೊದಲ ತಾನೇ ನಗತಿದ್ದ,
ಒಳ್ಳೆ ಕಲ್ಲಿಗೆ ಸುತ್ತಿಗಿ ತಾಕಿದಂಗ, ಠಣ್.

ಅವತ್ತು ಕರೆಂಟ್ ಹೋಗಿ ಮಷೀನೆಲ್ಲ ಬಂದ್.
ಅವನ ಮಗಳು ನೀಲಮ್ಮ, ಆರನೇ ಇಯತ್ತೆ,
ಬುತ್ತಿ ತಂದು ಎಡಕ್ಕ ನಿಂತಿದ್ದಳು.
ನನಗ ಅದೇನು ಹೊಳೀತೋ,
ಎಲ್ಲಾರಿಗೂ ಕಣ್ಣು ಹೊಡದು
ದನಿ ತಗಿಲಾರದ ಬರೇ ತುಟಿ ಆಡಿಸಿದೆ.
ಹಣಮೇಶಿನೂ ಆಡಿಸಿದ. ಇನ್ನೊಬ್ಬ. ಮತ್ತೊಬ್ಬ.
ಸುತ್ತ ಬಾಯಿ ಬಾಯಿ ಬಾಯಿ,
ಒಂದರಾಗೂ ಮಾತಿಲ್ಲ.

ಭೀಮಶಾ ಬಲಗಿವಿ ಮುಟಗೊಂಡ.
ಅಂಗೈಲೆ ಬಡದ. ಕಿರುಬೆರಳು ಹಾಕಿ ಅಲುಗಾಡಿಸಿದ.
ಮತ್ತ ಬಡದ.
ವಾಡಿ ಕಡಿಂದ ಒಂದು ಗೂಡ್ಸ್ ಗಾಡಿ ಕೂಗಿದ್ರ
ತಿಳೀತಿತ್ತು ಅವಗ.
ಅವತ್ತ ಅದೂ ಕೂಗಲಿಲ್ಲ.
ಆ ಮಾರಿ ಹ್ಯಾಂಗ ಹೇಳಲಿ,
ತನ್ನ ಮನಿಯಾಗೇ ಕತ್ತಲದಾಗ
ಬಾಗಲ ತಡಕಾಡವನ ಮಾರಿ.

ನಾವು ಹೋ ಅಂತ ನಕ್ಕಾಗ ಕೇಳಿತು.
ಅವನೂ ನಕ್ಕ. ನಕ್ಕಿದ್ದು ಖರೆ.
ಆದ್ರ ಒಳಗ ಬಿರುಕಿದ್ದ ಫರಸಿ
ಬಡದ್ರ ಬದ್ ಅಂತದಲ್ಲ, ಹಂಗ.
ಹುಡುಗಿ ಎಡಕ್ಕಿದ್ದಕಿ ಬಲಕ್ಕ ಬಂದು ಕುಂತು
ಕಿವಿಯಾಗ ಏನೋ ಅಂದಳು, ಭಾಳ ಸಣ್ಣ ದನಿಲೆ.
ಅವ ತಲಿ ಆಡಿಸಿದ,
ಕೇಳತದ ಅಂತ.

ಅದೇ ಮಂದಿ, ಅದೇ ಕಿವಿಯ ಮಾತು,
ನಿನ್ನಿ ತನಕ ನಡದಿದ್ದು
ಇವತ್ತ ಯಾಕ ಹಿಂಗಾತು, ಗೆರಿ ಎಲ್ಲಿತ್ತು
ಅಂತ ಲಾಳೇಸಾಬಗ ಕೇಳಿದೆ.
ಕೈಗಂಟಿದ ಕಾವಿ ಒರಸಿಕೋತ
"ದಾರದ ಆ ತುದಿ ಯಾರು ಹಿಡದಿದ್ರು?" ಅಂದ.
ಬೀಡಿ ಹಚ್ಚಿದ. ಅಷ್ಟೇ.

ಮಷ್ಕಿರಿಗೆ ಸಿಟ್ಟಾಗಬಾರದು ಅಂತ
ನಾ ಭಾಳ ಮಂದಿಗೆ ಹೇಳೀನಿ.
ಭೀಮಶಾ ಸಿಟ್ಟಾಗಲಿಲ್ಲ. ಅದೇ ತ್ರಾಸ.

ಈಗೂ ಭಜಿಗೆ ಅಜ್ಜಿ ಅಂತಾನ. ನಗತೇವಿ.
ಆದ್ರ ನಾ ಬಾಯಿ ತಗದಾಗೊಮ್ಮೆ
ಒಂದು ಗಳಿಗಿ ನನ್ನ ತುಟಿ ನೋಡತಾನ,
ದನಿ ಬರತದೋ ಇಲ್ಲೋ ಅಂತ.
ಲಗೂನ ಮಾತಾಡತೀನಿ ನಾನು.
ಗಟ್ಟಿಯಾಗಿ. ಏನಾರ ಒಂದು.