ಪಾಳಿ

ಡಾಕ್ಟರಬಾಯಿಗೆ ಕನ್ನಡ ಬರೂದಿಲ್ಲ,
ಲಾಯವ್ವಗ ಮರಾಠಿ ಸಂತಿಗೆ ಸಾಲೂವಷ್ಟ.
ಅದಕ್ಕ ನಡುವ ಸ್ಟೂಲಿನ ಮ್ಯಾಲ ನಾನು,
ಸಂಖದ ದವಾಖಾನ್ಯಾಗ,
ಒಂಬತ್ತನೇ ಇಯತ್ತೆಯ ಗಣಿತ ತಪ್ಪಿಸಿ ಬಂದಾಕಿ.

"ಪಾಳಿ ಕಧೀ ಆಲೀ?" ಅಂತ ಕೇಳಿದ್ರು.
ನಾ ಬಾಯಿ ತೆಗಿಯೂದ್ರಾಗ ಲಾಯವ್ವನ ಅಂದ್ಲು:
"ಮೊನ್ನಿ ಮಂಗಳವಾರ. ಆರು ಕೊಡ ಸಿಕ್ಕುವು."
ಟ್ಯಾಂಕರಿನ ಪಾಳಿ ಅಂತ ತಿಳದಿದ್ಲು.
ನನಗ ನಗು ಬಂತು.
ಡಾಕ್ಟರಬಾಯಿಗೆ ಬರಲಿಲ್ಲ.

ಕಿವ್ಯಾಗ ಕೇಳಿದೆ, ನಮ್ಮವ್ವ ಕೇಳೂ ಹಂಗ:
ಕಡಿಗಿ ಯಾವಾಗ ಆಗಿದ್ದಿ?
ಬೆರಳ ಮಡಿಚಿದ್ಲು, ಬಿಚ್ಚಿದ್ಲು, ಮತ್ತ ಮಡಿಚಿದ್ಲು.
"ಕಾರಹುಣ್ಣಿಮಿಗಿ."
ಸೀಗಿಹುಣ್ಣಿಮಿ ದಾಟಿ ವಾರಾತು.
"ಬಿಸಲಾಗ ಅಡ್ಡಾಡಿ ನಿಂತೈತಿ ಅಂದ್ಕೊಂಡೆ,
ಯಾರಿಗಿ ಕೇಳಲಿ?"

"ವಯ ಕಿತೀ?"
ಅತ್ತಿ ಬಾಗಲದಾಗಿಂದನ ಅಂದ್ಲು: ಅಠರಾ.

ಹ್ವಾದ ವರ್ಷ ಎಂಟನೇ ಇಯತ್ತೆದಾಗ
ಇಬ್ಬರದೂ ಒಂದ ಬೆಂಚು.
ಪುಸ್ತಕದಾಗ ಆ ಪಾಠ ಬಂದ ದಿನ
ಬಿರಾದಾರ ಸರ್ ಕೆಮ್ಮಿ,
"ಮನ್ಯಾಗ ಓದ್ಕೋರಿ" ಅಂದು
ಹನ್ನೊಂದು ಹಾಳಿ ಒಮ್ಮೆಲೆ ತಿರುವಿ
ಬೆಳಕಿನ ವಕ್ರೀಭವನಕ್ಕ ಹೋದ್ರು.
ಹುಡುಗೂರು ಹಿಂದ ಕುಂತು ನಕ್ಕವು.
ಲಾಯವ್ವ ಆ ಪುಟದ ಮೂಲಿ ಮಡಿಚಿ ಇಟ್ಟಿದ್ಲು,
ಓದೂಕಿಂತ ಮೊದಲ ಅಕ್ಕಿಕಾಳು ಬಿದ್ದುವು.
ಪುಸ್ತಕ ಈಗ ನನ್ನ ತಂಗಿ ಕಡೆ ಐತಿ.
ಮಡಿಕಿ ಹಂಗ ಐತಿ.

ಡಾಕ್ಟರಬಾಯಿ ಅತ್ತಿ ಮಾರಿ ನೋಡಲಿಲ್ಲ,
ನನ್ನ ಮಾರಿ ನೋಡಿದ್ರು.
ಹದಿನಾಲ್ಕಕ್ಕ ಮರಾಠ್ಯಾಗ ಏನಂತಾರ
ನನಗ ಚಲೋತ್ನಾಗಿ ಗೊತ್ತಿತ್ತು.
ಅಂದೆ.
ಅತ್ತಿ ಬಳಿ ಮ್ಯಾಲ ಸರಿಸಿದ ಸಪ್ಪಳ.
ಲಾಯವ್ವ ನನ್ನ ಕೈ ಹಿಡದಾಕಿ ಬಿಡಲಿಲ್ಲ.

ಪೆನ್ ಕೆಳಗಿಟ್ಟು ಬಾಯಾರು
ಮೆಲ್ಲಕ ನನಗ ಕೇಳಿದ್ರು:
"ನಿನ್ನ ಪಾಳಿ?"

ಯಾವ ಭಾಷಾದಾಗ ಕೇಳಿದ್ರೋ
ತಿಳೀಲಿಲ್ಲ.