ಎಂಬತ್ತಕ್ಕೆ ಐದು ಕಡಿಮೆ

ರಾತ್ರಿ ಹತ್ತೂವರೆ. ಮುಹರ್ರಕ್, ಮೂರನೇ ಮಹಡಿ.
ವಿಮಾನ ತಲೆ ಸವರಿ ಇಳಿದಾಗಲೆಲ್ಲ
ಸಿಂಕಿನಲ್ಲಿ ಚಮಚಗಳು ಮಾತಾಡುತ್ತವೆ.
ಪ್ರಫುಲ್ಲಾಳಿಗೆ ಕ್ಲಿನಿಕ್ಕಿನಲ್ಲಿ ನೈಟ್ ಡ್ಯೂಟಿ.
ಖುಬ್ಬೂಸಿನ ಪೊಟ್ಟಣ ಆಚೆ ಸರಿಸಿ
ಮಗಳು ನಿಶ್ಮಿತಾ ರಾಟೆ ಬರೆದಿದ್ದಾಳೆ:
ಬಳೆ ಇಟ್ಟು ಸುತ್ತ ಎಳೆದ ಪೆನ್ಸಿಲ್ಲಿನ ವೃತ್ತ,
ಅದರ ಎರಡು ಕಡೆ ಇಳಿಬಿದ್ದ ಎರಡು ಡಬ್ಬಿ,
ಒಂದರ ಮೇಲೆ ಮೂರು ಕಿಲೋ, ಒಂದರ ಮೇಲೆ ಐದು.

"ಹಗ್ಗಕ್ಕೆ ತೂಕವಿಲ್ಲ, ರಾಟೆಗೆ ಘರ್ಷಣೆಯಿಲ್ಲ
ಅಂತ ಭಾವಿಸಬೇಕು ಪಪ್ಪ."
ಭಾವಿಸಿದೆ.
ಹಿದ್ದಿನ ಹಡಗು ರಿಪೇರಿ ಯಾರ್ಡಿನಲ್ಲಿ ಹದಿನೆಂಟು ವರ್ಷ
ಹೆಗಲಿಗೆ ಹಾಕಿದ ವೈರ್ ರೋಪಿನ ಸುರುಳಿಗಳನ್ನು
ಒಂದೊಂದಾಗಿ ಇಳಿಸಿ, ತೂಕ ಕಳೆದು, ಭಾವಿಸಿದೆ.
ಉಪ್ಪುಗಾಳಿ ತಿಂದು ಕಿರುಗುಟ್ಟುವ ಬ್ಲಾಕುಗಳೆಲ್ಲ
ಬೆಣ್ಣೆಯಲ್ಲಿ ತಿರುಗಿದವು.
ಎಂಥ ಯಾರ್ಡು ಮಾರಾಯ್ತಿ ಇದು,
ನನಗೊಂದು ಕೆಲಸ ಕೊಡಿಸು ಅಂದೆ.
ನಗಲಿಲ್ಲ. ನಾಳೆ ಪರೀಕ್ಷೆ.

ನನಗೆ ಒಂಬತ್ತನೆಯಲ್ಲೇ ಲೆಕ್ಕ ಕೈಕೊಟ್ಟಿತ್ತು.
ಆಮೇಲಿನದ್ದು ಅಪ್ಪನ ಬೋಟಿನ ಬಲೆಹಗ್ಗ
ಅಂಗೈ ಸುಲಿದು ಕಲಿಸಿದ್ದು.

ಐದನ್ನು ಭೂಮಿ ಐವತ್ತರಷ್ಟು ಎಳೆಯುತ್ತದೆ,
ಹಗ್ಗ ಮೇಲಕ್ಕೆ ಟಿ ಎಳೆಯುತ್ತದೆ.
ಮೂರಕ್ಕೆ ಕೆಳಗೆ ಮೂವತ್ತು, ಮೇಲೆ ಅದೇ ಟಿ.
"ಎರಡು ಕಡೆಗೂ ಅದೇ ಹೇಗೆ?"
"ಒಂದೇ ಹಗ್ಗ ಅಲ್ವಾ ಪಪ್ಪ."
ಎರಡು ಸಾಲು ಕೂಡಿಸಿದಳು, ಟಿ ಟಿಯನ್ನು ತಿಂದುಹಾಕಿತು,
ವೇಗೋತ್ಕರ್ಷ ಎರಡೂವರೆ.
ಹಿಂದೆ ಹೋಗಿ ಟಿಯನ್ನು ಎಬ್ಬಿಸಿ ಕೇಳಿದರೆ
ಮೂವತ್ತೇಳೂವರೆ ನ್ಯೂಟನ್.
ಐವತ್ತೂ ಅಲ್ಲ, ಮೂವತ್ತೂ ಅಲ್ಲ.
ಮೀನು ದಕ್ಕೆಯ ಚೌಕಾಸಿಯ ಹಾಗೆ
ನಡುವೆ ಎಲ್ಲೋ.

ಕೊನೆಯದು: ಮೇಲಿನ ಕೊಕ್ಕೆಗೆ ಬೀಳುವ ಭಾರ ಎಷ್ಟು?
ಇದು ನನ್ನ ಪ್ರಶ್ನೆ.
ಕೊಕ್ಕೆಯ ವಿಷಯದಲ್ಲಿ ನಾನು ಫೋರ್‌ಮನ್.
"ಎಂಬತ್ತು" ಅಂದೆ, ಪೆನ್ನು ಮುಟ್ಟದೆ.
"ಎಪ್ಪತ್ತೈದು" ಅಂದಳು.
ಉಳಿದ ಐದನ್ನು ಕಸ್ಟಮ್ಸಿನವರು ಇಟ್ಟುಕೊಂಡರೇ?
"ಎಲ್ಲೂ ಹೋಗಿಲ್ಲ. ಭಾರದ ಡಬ್ಬಿ ಇಳೀತಾ ಇದೆಯಲ್ಲ.
ಬೀಳ್ತಾ ಇರುವುದು ಪೂರ್ತಿ ತೂಗುವುದಿಲ್ಲ."

ಹೌದು.
ನನ್ನ ಕೈಗೆ ಅದು ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ.

"ತಟ್ಟನೆ ನಿಲ್ಲಿಸಿದರೆ?" ಕೇಳಿದೆ.
"ಅದು ಪ್ರಶ್ನೆಯಲ್ಲಿ ಇಲ್ಲ."
"ಇಲ್ಲ. ಆದರೂ."
ಪೆನ್ಸಿಲ್ ಕಚ್ಚಿದಳು. ಹಾಳೆಯ ಮೂಲೆಯಲ್ಲಿ
ಒಂದೇ ಡಬ್ಬಿ, ಐದು ಕಿಲೋ, ನೆಟ್ಟಗೆ ಇಳಿಯುವ ಹಗ್ಗ.
ಸೆಕೆಂಡಿಗೆ ಎರಡು ಮೀಟರ್ ಅಂತಿಟ್ಟುಕೊಂಡಳು.
"ನಿಲ್ಲಲಿಕ್ಕೆ ಎಷ್ಟು ಹೊತ್ತು?"
ಶೌಕತ್ ವಿಂಚಿನ ಬ್ರೇಕು ಒತ್ತಿದ್ದು ಎಷ್ಟು ಹೊತ್ತು?
ಜುಲೈ, ಬೆಳಿಗ್ಗೆ ಹತ್ತಕ್ಕೇ ಕಬ್ಬಿಣ ಮುಟ್ಟಲಾಗದ ದಿನ,
ಪ್ರೊಪೆಲ್ಲರಿನ ಒಂದು ರೆಕ್ಕೆ ಇಳಿಯುತ್ತಿತ್ತು, ಹಗುರವಾಗಿ,
ಕೆಳಗೆ ಯಾರೋ ಕೂಗಿದರು, ಅವನು ಹೆದರಿದ.
ಹರಿದ ತುದಿ ನನ್ನ ಹೆಲ್ಮೆಟ್ಟಿನ ಮೇಲೆ
ಸಿಳ್ಳೆ ಹಾಕಿಕೊಂಡು ಹೋಯಿತು.
ಮನೆಯಲ್ಲಿ ಹೇಳಿದ್ದು: ಹೆಲ್ಮೆಟ್ ಹಳತಾಯಿತು, ಬದಲಿಸಿದರು.

"ಕಣ್ಣು ಮುಚ್ಚುವಷ್ಟು" ಅಂದೆ.
ಸೆಕೆಂಡಿನ ಹತ್ತರಲ್ಲೊಂದು ಪಾಲು ಎಂದು ಬರೆದಳು.
ಗುಣಿಸಿದಳು, ಕೂಡಿಸಿದಳು, ಇನ್ನೊಮ್ಮೆ ಕೂಡಿಸಿದಳು.
"ನೂರೈವತ್ತು ಪಪ್ಪ. ಸುಮ್ಮನೆ ತೂಗಾಡುವಾಗ ಬರೀ ಐವತ್ತು."

ಆಮೇಲೆ ತಲೆಯೆತ್ತಿ
ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು.
ಚಹಾ ಇಡುತ್ತೇನೆ ಅಂತ ನಾನು ಎದ್ದೆ.
ಮತ್ತೊಂದು ವಿಮಾನ ಬಂತು, ಚಮಚಗಳು ಶುರು ಮಾಡಿದವು.

ಹಾಲು ಉಕ್ಕುವ ಹೊತ್ತಿಗೆ ತಿರುಗಿ ನೋಡಿದರೆ
ಮೊದಲಿನ ಚಿತ್ರದಲ್ಲಿ ಕೊಕ್ಕೆಯನ್ನಷ್ಟೇ ಅಳಿಸಿ
ದಪ್ಪ ಮಾಡಿ ಬರೆಯುತ್ತಿದ್ದಳು.
ಅದಕ್ಕೆ ಅಂಕವಿಲ್ಲ.